ತಟ್ಟೆಯ ಮುಂದೆ ಕುಳಿತು ಅಳುವ ಮಗುವಿಗೆ ಮನೆಯವರು ಏನು ಮಾಡಬೇಕು?

ವೈದ್ಯರ ಚೀಟಿಯಲ್ಲಿ ‘ಈಟಿಂಗ್ ಡಿಸಾರ್ಡರ್’ ಎಂದು ಬರೆದಿದೆ. ಮುಂದಿನ ಭೇಟಿ ಎರಡು ವಾರಗಳ ನಂತರ. ಮೈಸೂರಿನಿಂದ ಹೊರಟವರು ಕುಶಾಲನಗರ ದಾಟಿ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಹದಿನೈದರ ಮಗಳು ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾಳೆ. ಆ ಹೊತ್ತಿನಲ್ಲಿ ಹೆತ್ತವರಿಗೆ ಬೇಕಾಗುವುದು ಒಂದೇ ಒಂದು ಉತ್ತರ: ಇವತ್ತು ರಾತ್ರಿ ಇವಳಿಗೆ ಊಟ ಮಾಡಿಸುವುದು ಹೇಗೆ?

ಕೊಡಗಿನಲ್ಲಿ ಈ ಉತ್ತರ ಇನ್ನಷ್ಟು ತುರ್ತಿನದು. ಜಿಲ್ಲೆಗೆ ರೈಲು ಇಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು 250ಕ್ಕೂ ಹೆಚ್ಚು. ಜೋರು ಮಳೆಗಾಲದಲ್ಲಿ ರಸ್ತೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಹೀಗಾಗಿ ಚಿಕಿತ್ಸೆಯ ದೊಡ್ಡ ಪಾಲು ನಡೆಯುವುದು ಮನೆಯಲ್ಲೇ, ಊಟದ ಹೊತ್ತಿನಲ್ಲೇ. ಧೈರ್ಯ ತರುವ ಸಂಗತಿಯೂ ಇಲ್ಲೇ ಇದೆ: ಅನೊರೆಕ್ಸಿಯಾ ಎಂಬ ಕಾಯಿಲೆಯ ಹದಿಹರೆಯದವರಿಗೆ ಅತಿ ಹೆಚ್ಚು ಪುರಾವೆಯ ಬೆಂಬಲವಿರುವ ಚಿಕಿತ್ಸೆಯೂ ಮನೆಯವರ ಕೈಯಿಂದಲೇ ನಡೆಯುವಂಥದ್ದು. ಅದು ಹೇಗೆ ಎಂಬುದನ್ನು ಬುಡದಿಂದ ನೋಡೋಣ.

## ಇದು ಯಾವ ಕಾಯಿಲೆ?

ತಿನ್ನುವ ರೀತಿ ಕೆಟ್ಟು, ಅದರಿಂದ ದೇಹಕ್ಕೂ ದಿನನಿತ್ಯದ ಬದುಕಿಗೂ ಪೆಟ್ಟು ಬೀಳುವ ಮಾನಸಿಕ ಕಾಯಿಲೆಗಳ ಗುಂಪಿಗೆ ಈಟಿಂಗ್ ಡಿಸಾರ್ಡರ್, ಅಂದರೆ ಆಹಾರ ಸೇವನೆಯ ಅಸ್ವಸ್ಥತೆ, ಎಂದು ಹೆಸರು. ಅನೊರೆಕ್ಸಿಯಾ ನರ್ವೋಸಾ ಇರುವವರು ದೇಹಕ್ಕೆ ಬೇಕಾದ್ದಕ್ಕಿಂತ ತೀರ ಕಡಿಮೆ ತಿನ್ನುತ್ತಾರೆ. ತೂಕ ಏರುವ ಭಯ ಅವರನ್ನು ಬಿಡುವುದಿಲ್ಲ. ಎಷ್ಟು ಸೊರಗಿದರೂ ತಾವು ದಪ್ಪಗಿದ್ದೇವೆ ಎಂದೇ ಅವರಿಗೆ ಅನ್ನಿಸಬಹುದು. ಬುಲಿಮಿಯಾದಲ್ಲಿ ಹತೋಟಿ ತಪ್ಪಿ ಒಮ್ಮೆಲೇ ತುಂಬ ತಿನ್ನುವುದು, ಆಮೇಲೆ ಭಯಬಿದ್ದು ವಾಂತಿ, ಉಪವಾಸ ಅಥವಾ ಅತಿಯಾದ ವ್ಯಾಯಾಮಕ್ಕೆ ಇಳಿಯುವುದು ನಡೆಯುತ್ತದೆ. ಬಿಂಜ್ ಈಟಿಂಗ್ ಎಂಬುದರಲ್ಲಿ ಹತೋಟಿ ತಪ್ಪಿದ ತಿನ್ನುವಿಕೆ ಮಾತ್ರ ಇರುತ್ತದೆ. ತೂಕದ ಚಿಂತೆಯೇ ಇಲ್ಲದೆ, ಆಹಾರದ ರುಚಿ, ವಾಸನೆ ಅಥವಾ ಗಂಟಲಲ್ಲಿ ಸಿಕ್ಕಿಕೊಂಡೀತೆಂಬ ಹೆದರಿಕೆಯಿಂದ ತಿನ್ನದಿರುವ ಮಕ್ಕಳ ತೊಂದರೆಗೆ ಅರ್ಫಿಡ್ ಎನ್ನುತ್ತಾರೆ. 2013ರಿಂದ ಇದು ಅಮೆರಿಕದ ಮನೋವೈದ್ಯರ ಸಂಘದ ಕಾಯಿಲೆಗಳ ಪಟ್ಟಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿದೆ.

ಇದೆಲ್ಲ ಮೊಬೈಲ್ ತಂದ ಹೊಸ ಪಿಡುಗು ಎಂದು ಹಲವರು ಭಾವಿಸುತ್ತಾರೆ. ಆದರೆ ಲಂಡನ್ನಿನ ವೈದ್ಯ ವಿಲಿಯಂ ಗಲ್ ಅನೊರೆಕ್ಸಿಯಾ ನರ್ವೋಸಾಗೆ ಆ ಹೆಸರು ಕೊಟ್ಟದ್ದು 1870ರ ದಶಕದಲ್ಲಿ. ಹುಡುಗಿಯರಲ್ಲಿ ಹೆಚ್ಚಾಗಿ ಕಂಡುಬಂದರೂ ಹುಡುಗರಿಗೂ ಬರುತ್ತದೆ. ಅವರಲ್ಲಿ ಯಾರೂ ಇದನ್ನು ನಿರೀಕ್ಷಿಸದ ಕಾರಣ ಗುರುತಿಸುವುದು ತಡವಾಗುತ್ತದೆ. ಬಡವರ ಮನೆಗೆ ಇದು ಬರುವುದಿಲ್ಲ ಎಂಬ ನಂಬಿಕೆಯೂ ಸರಿಯಲ್ಲ; ಬಂಗಲೆಯ ಮಗುವಿಗೆ ಬಂದಂತೆ ತೋಟದ ಕಾರ್ಮಿಕರ ಲೈನ್ ಮನೆಯ ಮಗುವಿಗೂ ಬರಬಹುದು. ನೋಡಲು ಸಾಮಾನ್ಯ ತೂಕದ ಮಗುವೂ, ಮೊದಲು ದಪ್ಪಗಿದ್ದು ಬೇಗಬೇಗ ಇಳಿದ ಮಗುವೂ ಗಂಭೀರ ಸ್ಥಿತಿಯಲ್ಲಿರಬಹುದು. ಮಾನಸಿಕ ಕಾಯಿಲೆಗಳ ಪೈಕಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ ಒಂದು. ‘ವಯಸ್ಸಿನ ಹುಚ್ಚು, ತಾನಾಗಿ ಸರಿಹೋಗುತ್ತದೆ’ ಎಂದು ಕಾಯುತ್ತ ಕೂರಬಾರದು ಎನ್ನುವುದು ಇದಕ್ಕೇ.

## ಹಸಿದ ಮಿದುಳು ಹೇಗೆ ಯೋಚಿಸುತ್ತದೆ?

‘ಮನಸ್ಸು ಮಾಡಿದರೆ ತಿನ್ನಬಹುದು, ಇದೆಲ್ಲ ಹಟ’ ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಈ ಅನುಮಾನವನ್ನು ಚೆನ್ನಾಗಿ ಬಿಡಿಸುವುದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗ. ಯುದ್ಧದಲ್ಲಿ ಹಸಿದು ಕಂಗೆಟ್ಟ ಜನರಿಗೆ ಮತ್ತೆ ಆಹಾರ ಕೊಡುವುದು ಹೇಗೆಂದು ತಿಳಿಯಲು ವಿಜ್ಞಾನಿ ಆನ್ಸೆಲ್ ಕೀಸ್ 36 ಯುವಕರನ್ನು ಆರಿಸಿಕೊಂಡರು. ಆತ್ಮಸಾಕ್ಷಿ ಒಪ್ಪದೆ ಯುದ್ಧಕ್ಕೆ ಹೋಗದೆ, ಈ ಕೆಲಸಕ್ಕೆ ತಾವಾಗಿ ಮುಂದೆ ಬಂದವರು ಅವರು. ದೇಹ, ಮನಸ್ಸು ಎರಡೂ ಗಟ್ಟಿಯಿದೆ ಎಂದು ಪರೀಕ್ಷಿಸಿಯೇ ಅವರನ್ನು ತೆಗೆದುಕೊಳ್ಳಲಾಗಿತ್ತು. 1945ರಲ್ಲಿ ಆರು ತಿಂಗಳ ಕಾಲ ಅವರಿಗೆ ಸುಮಾರು ಅರ್ಧ ಹೊಟ್ಟೆಯ ಊಟ ಕೊಡಲಾಯಿತು. ದೇಹತೂಕದ ಸುಮಾರು ಕಾಲು ಭಾಗ ಇಳಿಯಿತು.

ಇಳಿದದ್ದು ತೂಕ ಮಾತ್ರವಾಗಿರಲಿಲ್ಲ. ಆ ಯುವಕರು ಹಗಲಿರುಳು ಆಹಾರದ ಬಗ್ಗೆಯೇ ಯೋಚಿಸತೊಡಗಿದರು. ಅಡುಗೆ ಪುಸ್ತಕ ಓದುವುದು, ಅಡುಗೆಯ ವಿಧಾನಗಳನ್ನು ಸಂಗ್ರಹಿಸುವುದು ಶುರುವಾಯಿತು. ಇದ್ದ ಸ್ವಲ್ಪ ಊಟವನ್ನು ಚೂರುಚೂರು ಮಾಡಿ ಗಂಟೆಗಟ್ಟಲೆ ಎಳೆದರು. ಬೇಸಿಗೆಯಲ್ಲೂ ಚಳಿ ಎಂದರು. ಸಿಡಿಮಿಡಿ, ಖಿನ್ನತೆ, ಯಾರೊಂದಿಗೂ ಬೆರೆಯಲಾಗದ ಸ್ಥಿತಿ ಬಂತು. ಮತ್ತೆ ಸಾಕಷ್ಟು ಊಟ ಸಿಕ್ಕಿದ ಮೇಲೂ ತಿಂಗಳುಗಟ್ಟಲೆ ಮನಸ್ಸು ಸ್ಥಿಮಿತಕ್ಕೆ ಬರಲಿಲ್ಲ.

ಮಗಳು ಮನೆಯವರಿಗೆಲ್ಲ ಕೇಕ್ ಮಾಡಿ ಬಡಿಸಿ ತಾನು ಮುಟ್ಟದಿರುವುದು, ಒಂದು ಅಕ್ಕಿ ರೊಟ್ಟಿಯನ್ನು ಚಿವುಟುತ್ತ ಒಂದು ಗಂಟೆ ಕೂರುವುದು, ತಮ್ಮನ ಮೇಲೆ ಸುಮ್ಮಸುಮ್ಮನೆ ರೇಗುವುದು, ಇವುಗಳಲ್ಲಿ ಬಹಳಷ್ಟು ಹಸಿವಿನ ಕೆಲಸ. ಹಸಿದ ಮಿದುಳಿಗೆ ಬುದ್ಧಿಮಾತು ಇಳಿಯುವುದಿಲ್ಲ. ‘ಮೊದಲು ಮನಸ್ಸು ಸರಿಹೋಗಲಿ, ಆಮೇಲೆ ತಿನ್ನುತ್ತಾಳೆ’ ಎಂದು ಕಾದರೆ ಆ ದಿನ ಬರುವುದೇ ಇಲ್ಲ. ಊಟ ಮೊದಲು, ಮನಸ್ಸು ಅದರ ಹಿಂದೆ, ಅದೂ ನಿಧಾನವಾಗಿ. ಈ ಅನುಕ್ರಮವನ್ನು ಮನೆಯವರೆಲ್ಲ ಒಪ್ಪಿಕೊಂಡರೆ ಮುಂದಿನ ದಾರಿ ಅರ್ಥವಾಗುತ್ತದೆ.

## ಯಾರ ತಪ್ಪು?

ಯಾರದೂ ಅಲ್ಲ. ಈ ಕಾಯಿಲೆ ಬರುವ ಸಾಧ್ಯತೆಯಲ್ಲಿ ಸುಮಾರು ಅರ್ಧದಷ್ಟು ಪಾಲು ವಂಶವಾಹಿಗಳದ್ದು ಎಂದು ಅವಳಿ ಮಕ್ಕಳ ಅಧ್ಯಯನಗಳು ಸೂಚಿಸುತ್ತವೆ. ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುವ, ಬೇಗ ಆತಂಕಪಡುವ ಸ್ವಭಾವದ ಮಕ್ಕಳಿಗೆ ಅಪಾಯ ಹೆಚ್ಚು. ಅಂಥ ಮಗು ಯಾವುದೋ ಕಾರಣಕ್ಕೆ ಕಡಿಮೆ ತಿನ್ನತೊಡಗಿದಾಗ ಕಾಯಿಲೆ ಹೊತ್ತಿಕೊಳ್ಳುತ್ತದೆ. ಆ ಕಾರಣ ಡಯಟ್ ಆಗಿರಬಹುದು, ಜ್ವರ ಬಂದು ತೂಕ ಇಳಿದದ್ದಿರಬಹುದು, ಹಾಸ್ಟೆಲ್ ಸೇರಿದ್ದಿರಬಹುದು, ಯಾರದೋ ಒಂದು ಚುಚ್ಚುಮಾತಿರಬಹುದು. ಹೆತ್ತವರು ತಮ್ಮ ಬೆಳೆಸುವಿಕೆಯಲ್ಲಿ ತಪ್ಪು ಹುಡುಕುತ್ತ ರಾತ್ರಿ ನಿದ್ದೆಗೆಟ್ಟರೆ ಬೆಳಗಿನ ತಿಂಡಿಗೆ ಕೂರಿಸುವ ಶಕ್ತಿ ಉಳಿಯುವುದಿಲ್ಲ.

## ಮೊದಲು ನಾಡಿ, ರಕ್ತ, ಇಸಿಜಿ

ಮನೆಯಲ್ಲಿ ಊಟ ಹೆಚ್ಚಿಸುವ ಮುನ್ನ ಮಗು ಮನೆಯಲ್ಲಿರುವಷ್ಟು ಸುರಕ್ಷಿತವಾಗಿದೆಯೇ ಎಂದು ವೈದ್ಯರು ನೋಡಬೇಕು. ಮಲಗಿದ್ದಾಗ ಮತ್ತು ಎದ್ದು ನಿಂತಾಗ ನಾಡಿ ಹಾಗೂ ರಕ್ತದೊತ್ತಡ, ಇಸಿಜಿ, ರಕ್ತದಲ್ಲಿ ಪೊಟ್ಯಾಷಿಯಂ, ಫಾಸ್ಫೇಟ್, ಮೆಗ್ನೀಷಿಯಂ ಪರೀಕ್ಷೆ ಆಗಬೇಕು. ಹಗಲು ಎಚ್ಚರವಿದ್ದಾಗಲೂ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆಯಿದ್ದರೆ, ಮಗು ತಲೆಸುತ್ತಿ ಬಿದ್ದರೆ, ಎದೆ ಡವಗುಟ್ಟುತ್ತಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ನೀರನ್ನೂ ನಿರಾಕರಿಸಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಕ್ರೀಡಾಪಟು ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ‘ಓಡುವವಳಲ್ಲವೇ, ನಾಡಿ ನಿಧಾನವಾಗಿಯೇ ಇರುತ್ತದೆ’ ಎಂದು ಹೇಳಿ ಕಳುಹಿಸುವುದುಂಟು. ತೂಕವೂ ಇಳಿದಿದ್ದರೆ ಆ ವಿವರಣೆಗೆ ತೃಪ್ತರಾಗಬೇಡಿ. ಊಟ ಕಡಿಮೆಯಾಗಿರುವುದನ್ನು ವೈದ್ಯರಿಗೆ ಬಿಡಿಸಿ ಹೇಳಿ.

ಬಹಳ ದಿನ ತೀರ ಕಡಿಮೆ ತಿಂದ ದೇಹಕ್ಕೆ ದಿಢೀರನೆ ಹೆಚ್ಚು ಆಹಾರ ಸಿಕ್ಕಾಗ ಇನ್ನೊಂದು ಅಪಾಯವಿದೆ. ಆಹಾರವನ್ನು ಬಳಸಿಕೊಳ್ಳಲು ಜೀವಕೋಶಗಳು ರಕ್ತದಲ್ಲಿರುವ ಫಾಸ್ಫೇಟನ್ನು ಒಮ್ಮೆಲೇ ಒಳಗೆಳೆದುಕೊಳ್ಳುತ್ತವೆ. ರಕ್ತದಲ್ಲಿ ಅದು ಕುಸಿದರೆ ಹೃದಯಕ್ಕೂ ಉಸಿರಾಟಕ್ಕೂ ತೊಂದರೆಯಾಗುತ್ತದೆ. ಇದಕ್ಕೆ ರಿಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ಮೊದಲ ಒಂದೆರಡು ವಾರಗಳಲ್ಲಿ ಇದರ ಭಯ ಹೆಚ್ಚು. ತುಂಬ ಸೊರಗಿದ ಮಗುವಿನ ಊಟವನ್ನು ಎಷ್ಟರಿಂದ ಆರಂಭಿಸಿ ಹೇಗೆ ಏರಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು.

ಊಟ ಸಾಲದೆ ಮುಟ್ಟು ನಿಂತಾಗ ಮಾತ್ರೆ ಕೊಡಿಸಿ ಬರಿಸುವುದು ನಮ್ಮಲ್ಲಿ ಸಾಮಾನ್ಯ. ಮಾತ್ರೆಯಿಂದ ಬಂದ ಮುಟ್ಟು ಚೇತರಿಕೆಯ ಗುರುತಲ್ಲ. ಮೂಳೆ ಸವೆಯುವುದನ್ನೂ ಅದು ನಿಲ್ಲಿಸುವುದಿಲ್ಲ. ದೇಹಕ್ಕೆ ಸಾಕಷ್ಟು ಆಹಾರ ಸಿಕ್ಕಿ ತಾನಾಗಿ ಮುಟ್ಟು ಮರಳುವುದೇ ನಂಬಬಹುದಾದ ಸೂಚನೆ. ಹಾಗೆಯೇ ಅನೊರೆಕ್ಸಿಯಾವನ್ನೇ ಗುಣಪಡಿಸುವ ಮಾತ್ರೆ ಯಾವುದೂ ಇಲ್ಲ. ಜೊತೆಗಿರುವ ಆತಂಕ, ಖಿನ್ನತೆಗೆ ವೈದ್ಯರು ಔಷಧಿ ಕೊಡಬಹುದು. ಮೂಲ ಕಾಯಿಲೆಗೆ ಊಟವೇ ಔಷಧಿ.

## ಊಟದ ಹೊಣೆ ಹೆತ್ತವರ ಕೈಗೆ

1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ತಜ್ಞರು ರೂಪಿಸಿದ ಕುಟುಂಬ ಆಧಾರಿತ ಚಿಕಿತ್ಸೆ ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಇದರ ಮೂಲ ವಿಚಾರ ಸರಳ. ಊಟದ ವಿಷಯದಲ್ಲಿ ಮಾತ್ರ ಮಗುವಿನ ನಿರ್ಧಾರವನ್ನು ಕಾಯಿಲೆ ತನ್ನ ಕೈಗೆ ತೆಗೆದುಕೊಂಡಿದೆ; ಅದನ್ನು ಸದ್ಯಕ್ಕೆ ಹೆತ್ತವರು ಹೊರಬೇಕು.

ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ತಿನ್ನಬೇಕೆಂದು ಹೆತ್ತವರೇ ತೀರ್ಮಾನಿಸುತ್ತಾರೆ. ಅಡುಗೆ, ಬಡಿಸುವುದು, ಜೊತೆಗೆ ಕೂರುವುದು ಎಲ್ಲವೂ ಅವರದೇ. ತೂಕ ಸುಧಾರಿಸಿ ಊಟದ ಜಗಳ ಇಳಿದ ಮೇಲೆ ಎರಡನೆಯ ಹಂತದಲ್ಲಿ ಒಂದೊಂದೇ ಹೊಣೆ ಮಗುವಿಗೆ ಮರಳುತ್ತದೆ. ಸಂಜೆಯ ತಿಂಡಿ ತಾನೇ ಹಾಕಿಕೊಳ್ಳುವುದು, ಆಮೇಲೆ ಶಾಲೆಯಲ್ಲಿ ಗೆಳತಿಯರ ಜೊತೆ ಉಣ್ಣುವುದು, ಹೀಗೆ. ಮೂರನೆಯ ಹಂತದಲ್ಲಿ ಓದು, ಸ್ನೇಹ, ಮುಂದಿನ ಬದುಕಿನ ಮಾತು. ಒಟ್ಟು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ.

ಫಲ ಎಷ್ಟು? 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 121 ಹದಿಹರೆಯದವರನ್ನು ಎರಡು ಗುಂಪು ಮಾಡಲಾಗಿತ್ತು. ಚಿಕಿತ್ಸೆ ಮುಗಿದ ಒಂದು ವರ್ಷದ ನಂತರ, ಕುಟುಂಬ ಆಧಾರಿತ ಚಿಕಿತ್ಸೆ ಪಡೆದವರಲ್ಲಿ ಶೇ 49ರಷ್ಟು ಮಂದಿ ಪೂರ್ಣ ಚೇತರಿಸಿಕೊಂಡಿದ್ದರು. ಮಗುವಿಗೆ ಮಾತ್ರ ಒಂಟಿಯಾಗಿ ಆಪ್ತಸಮಾಲೋಚನೆ ನಡೆಸಿದ ಗುಂಪಿನಲ್ಲಿ ಶೇ 23. ಎಲ್ಲರಿಗೂ ಇದು ಸಾಕಾಗುವುದಿಲ್ಲ ಎಂಬುದೂ ಈ ಅಂಕಿಯಲ್ಲಿಯೇ ಇದೆ. ಮೊದಲ ನಾಲ್ಕು ವಾರಗಳಲ್ಲಿ ಎರಡು ಕಿಲೋಗೂ ಸ್ವಲ್ಪ ಹೆಚ್ಚು ತೂಕ ಬಂದರೆ ಒಳ್ಳೆಯ ಲಕ್ಷಣ. ಬರದಿದ್ದರೆ ಯಾರೂ ಸೋತರೆಂದು ಅರ್ಥವಲ್ಲ. ಚಿಕಿತ್ಸೆಗೆ ಇನ್ನಷ್ಟು ಬಲ ಬೇಕೆಂದು ವೈದ್ಯರಿಗೆ ಹೇಳುವ ಹೊತ್ತು ಅದು.

ಇಲ್ಲಿ ಮನೆಯ ಒಗ್ಗಟ್ಟೇ ಅರ್ಧ ಕೆಲಸ. ‘ಇನ್ನೊಂದು ರೊಟ್ಟಿ’ ಎಂದು ಅಮ್ಮ ಹೇಳುವಾಗ ‘ಹೋಗಲಿ ಬಿಡು, ಅಳುತ್ತಿದ್ದಾಳೆ’ ಎಂದು ಅಪ್ಪ ಹೇಳಿದರೆ ಕಾಯಿಲೆ ಆ ಬಿರುಕಿನಲ್ಲಿ ನುಸುಳಿಕೊಳ್ಳುತ್ತದೆ. ಭಿನ್ನಾಭಿಪ್ರಾಯವಿದ್ದರೆ ಮಗುವಿನ ಎದುರಿನಲ್ಲಿ ಬೇಡ, ಆಮೇಲೆ ಮಾತಾಡಿಕೊಳ್ಳಿ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕುಯ್ಲಿನ ಕಾಲ; ಅಪ್ಪ, ಅಮ್ಮ ಇಬ್ಬರೂ ಬೆಳಗ್ಗೆ ಎಂಟಕ್ಕೆಲ್ಲ ತೋಟದಲ್ಲಿರುತ್ತಾರೆ. ಹನ್ನೊಂದು ಗಂಟೆಯ ಹಾಲಿಗೆ, ಮಧ್ಯಾಹ್ನದ ಊಟಕ್ಕೆ ಮಗುವಿನ ಜೊತೆ ಯಾರು ಕೂರುತ್ತಾರೆ ಎಂದು ಕುಯ್ಲು ಆರಂಭವಾಗುವ ಮುನ್ನವೇ ಗೊತ್ತುಮಾಡಿ. ಅಜ್ಜಿ, ದೊಡ್ಡಮ್ಮ, ಅತ್ತೆ, ಯಾರಾದರೂ ಸರಿ. ಆದರೆ ‘ಇಷ್ಟು ಸಾಕು’ ಎಂದು ತಾವಾಗಿ ಕಡಿಮೆ ಮಾಡದವರಾಗಿರಬೇಕು. ಕೂಲಿ ಕೆಲಸಕ್ಕೆ ಹೋಗಲೇಬೇಕಾದ ತಾಯಿಗೆ ಇದು ಇನ್ನೂ ಕಷ್ಟ. ಅಂಥ ಮನೆಯಲ್ಲಿ ಶಾಲೆಯ ಶಿಕ್ಷಕಿಯೊಬ್ಬರು ಮಧ್ಯಾಹ್ನದ ಊಟದ ಹೊಣೆ ಹೊತ್ತರೆ ದೊಡ್ಡ ಉಪಕಾರವಾಗುತ್ತದೆ.

## ತಟ್ಟೆಯಲ್ಲಿ ಏನಿರಬೇಕು?

ಮೂರು ಹೊತ್ತು ಊಟ, ನಡುವೆ ಎರಡು ಮೂರು ಸಲ ತಿಂಡಿ. ಅಂದಾಜು ಮೂರು ಗಂಟೆಗೊಮ್ಮೆ ಏನಾದರೂ ಹೊಟ್ಟೆಗೆ ಬೀಳಬೇಕು. ತೂಕ ಮರಳಬೇಕಾದ ಮಗುವಿಗೆ ಅದೇ ವಯಸ್ಸಿನ ಇತರ ಮಕ್ಕಳಿಗಿಂತ ಹೆಚ್ಚು ಆಹಾರ ಬೇಕು ಎಂಬುದು ಮನೆಯವರಿಗೆ ಆಶ್ಚರ್ಯ ತರುತ್ತದೆ. ಹಸಿದ ದೇಹ ತಿಂದದ್ದರಲ್ಲಿ ಮೊದಲು ಒಳಗಿನ ದುರಸ್ತಿ ಮಾಡಿಕೊಳ್ಳುತ್ತದೆ. ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯುವಾಗ ವಾರಕ್ಕೆ ಸುಮಾರು ಅರ್ಧ ಕಿಲೋ ಏರಿಕೆ ಸಾಮಾನ್ಯ ಗುರಿ.

ಹೊಟ್ಟೆ ಚಿಕ್ಕದಾಗಿ, ನಿಧಾನವಾಗಿ ಖಾಲಿಯಾಗುವುದರಿಂದ ರಾಶಿ ಅನ್ನಕ್ಕಿಂತ ಕಡಿಮೆ ಪ್ರಮಾಣದಲ್ಲಿ ಹೆಚ್ಚು ಸತ್ವ ಇರುವ ಊಟ ಒಳ್ಳೆಯದು. ಈ ವಿಷಯದಲ್ಲಿ ಕೊಡಗಿನ ಅಡುಗೆಮನೆ ಹೆತ್ತವರ ಪರ ಇದೆ. ನೂಪುಟ್ಟಿಗೆ ತುಪ್ಪ ಅಥವಾ ತೆಂಗಿನ ಹಾಲು, ಹಾಲು–ತೆಂಗಿನತುರಿ ಸೇರಿದ ಪಾಪುಟ್ಟು, ಕಡಂಬುಟ್ಟಿನ ಜೊತೆ ಪಂದಿ ಕರಿ ಅಥವಾ ಕೋಳಿ ಸಾರು, ಅಕ್ಕಿ ರೊಟ್ಟಿಗೆ ಬೆಣ್ಣೆ, ತುಪ್ಪ ಹಾಕಿದ ಬಾಳೆಹಣ್ಣಿನ ತಂಬುಟ್ಟು, ಹಿತ್ತಲಿನ ಬೆಣ್ಣೆಹಣ್ಣಿಗೆ ಹಾಲು ಮತ್ತು ಜೇನು. ಮಾಂಸ ತಿನ್ನದ ಮನೆಗಳಲ್ಲಿ ಕಾಳು, ಮೊಸರು, ಪನೀರ್, ಕಡಲೆಬೀಜ ಹೆಚ್ಚಿಸಬಹುದು. ಮಗುವಿಗೆಂದು ಪ್ರತ್ಯೇಕ ‘ಪಥ್ಯದ’ ಅಡುಗೆ ಬೇಡ. ಮನೆಯವರ ಊಟವೇ ಅದರದೂ ಆಗಲಿ, ಸತ್ವ ಮಾತ್ರ ಹೆಚ್ಚಿರಲಿ.

ಕಾಯಿಲೆಗೆ ಮುಂಚೆ ಇಷ್ಟವಿದ್ದು ಈಗ ಹೆದರಿಕೆ ಹುಟ್ಟಿಸುವ ತಿನಿಸುಗಳೂ ಮೆಲ್ಲಗೆ ಮರಳಬೇಕು. ಇಲ್ಲದಿದ್ದರೆ ತೂಕ ಬಂದರೂ ಭಯ ಅಲ್ಲೇ ಉಳಿಯುತ್ತದೆ. ಇನ್ನು ಬೆಲ್ಲದ ಕಪ್ಪು ಕಾಫಿ. ಕೊಡಗಿನ ಮನೆಗಳಲ್ಲಿ ಅದು ದಿನವಿಡೀ ಒಲೆಯ ಪಕ್ಕದಲ್ಲೇ ಇರುತ್ತದೆ, ಮಕ್ಕಳು ಕುಡಿದರೂ ಯಾರೂ ಗಮನಿಸುವುದಿಲ್ಲ. ಕಾಫಿ ಹಸಿವನ್ನು ಅಡಗಿಸುತ್ತದೆ. ಚೇತರಿಸಿಕೊಳ್ಳುವ ತಿಂಗಳುಗಳಲ್ಲಿ ಆ ಲೋಟದಲ್ಲಿ ಹಾಲು ಇರಲಿ.

ವ್ರತ, ಉಪವಾಸಗಳ ವಿಷಯದಲ್ಲಿ ಸ್ಪಷ್ಟವಾಗಿರಿ. ಕಾಯಿಲೆಯಲ್ಲಿರುವ ಮಗುವಿಗೆ ಉಪವಾಸ ಬೇಡ. ರಂಜಾನ್ ಉಪವಾಸದಿಂದ ಕಾಯಿಲೆಯವರಿಗೆ ವಿನಾಯಿತಿ ಇದ್ದೇ ಇದೆ. ಇದ್ದಕ್ಕಿದ್ದಂತೆ ವ್ರತದಲ್ಲಿ ಹುಟ್ಟುವ ಆಸಕ್ತಿ ಭಕ್ತಿಯೋ ಊಟ ತಪ್ಪಿಸುವ ದಾರಿಯೋ ಎಂದು ವಿಚಾರಿಸಬೇಕು.

## ತಟ್ಟೆಯ ಮುಂದಿನ ಅರ್ಧ ಗಂಟೆ

ಅತಿ ಕಷ್ಟದ ಹೊತ್ತು ಇದು. ಹೊರಗಿನವರಿಗೆ ಇದು ಬರಿಯ ಊಟ. ಮಗುವಿಗೆ ಮಾತ್ರ ಎದುರಿಗೆ ಹಾವು ಇಟ್ಟಷ್ಟು ಭಯ. ಅಳು, ಕಿರುಚಾಟ, ತಟ್ಟೆ ತಳ್ಳುವುದು ಎಲ್ಲವೂ ಆಗಬಹುದು. ಮೊದಲ ವಾರಗಳಲ್ಲಿ ಈ ವಿರೋಧ ಹೆಚ್ಚುತ್ತದೆ. ಕಾಯಿಲೆಗೆ ಯಾರೋ ಅಡ್ಡ ನಿಂತಿದ್ದಾರೆ ಎಂಬುದರ ಲಕ್ಷಣ ಅದು.

ತಟ್ಟೆಗೆ ಹೆತ್ತವರೇ ಬಡಿಸಬೇಕು. ಎಷ್ಟು ಎಂಬುದರ ಮೇಲೆ ಚೌಕಾಸಿ ಬೇಡ. ಇವತ್ತು ಅರ್ಧ ರೊಟ್ಟಿ ಬಿಟ್ಟುಕೊಟ್ಟರೆ ನಾಳೆಯ ಮಾತು ಅಲ್ಲಿಂದಲೇ ಆರಂಭವಾಗುತ್ತದೆ. ಊಟಕ್ಕೆ ಅರ್ಧ ಗಂಟೆ, ಚಿಕ್ಕ ತಿಂಡಿಗೆ ಅದರರ್ಧ ಎಂದು ಇಟ್ಟುಕೊಳ್ಳಬಹುದು. ನೀವೂ ಜೊತೆಗೆ ತಿನ್ನಿ. ಕ್ಯಾಲೊರಿ, ತೂಕ, ‘ಇದು ಆರೋಗ್ಯಕ್ಕೆ ಒಳ್ಳೆಯದು’ ಎಂಬ ವಾದ, ಯಾವುದೂ ಆ ಹೊತ್ತಿನಲ್ಲಿ ಬೇಡ. ನಾಯಿಮರಿಯ ಕಥೆ, ಕ್ರಿಕೆಟ್, ಟಿವಿ, ಏನು ನಡೆದರೂ ಸರಿ.

ಮಾತು ಚಿಕ್ಕದಿರಲಿ, ಧ್ವನಿ ತಣ್ಣಗಿರಲಿ. ‘ಕಷ್ಟ ಆಗುತ್ತಿದೆ ಎಂದು ಗೊತ್ತು ಮಗಳೇ. ನಾನು ಇಲ್ಲೇ ಕುಳಿತಿರುತ್ತೇನೆ. ಇನ್ನೊಂದು ತುತ್ತು ತೆಗೆದುಕೋ.’ ಇದನ್ನೇ ಇಪ್ಪತ್ತು ಸಲ ಹೇಳಬೇಕಾದರೂ ಹೇಳಿ. ‘ನಿನ್ನಿಂದ ಮನೆಯೆಲ್ಲ ಹಾಳಾಗುತ್ತಿದೆ’, ‘ಎಷ್ಟೋ ಮಕ್ಕಳಿಗೆ ಊಟವೇ ಇಲ್ಲ’ ಎಂಬ ಮಾತುಗಳು ಮಗುವಿಗೆ ತಿನ್ನಲು ಬಲ ಕೊಡುವುದಿಲ್ಲ. ತನ್ನ ಮೇಲೆ ಅಸಹ್ಯ ಹುಟ್ಟಿಸುತ್ತವೆ, ಆ ಅಸಹ್ಯವೇ ಕಾಯಿಲೆಗೆ ಮೇವು. ಬೈದು, ಹೊಡೆದು, ಬಾಯಿಗೆ ತುರುಕಿ ತಿನ್ನಿಸುವುದು ಖಂಡಿತ ಬೇಡ. ತಾಳ್ಮೆ ಕೆಟ್ಟರೆ ಮೇಜಿನಿಂದ ನೀವು ಎದ್ದು ಇನ್ನೊಬ್ಬರನ್ನು ಕೂರಿಸಿ.

ಪೂರ್ತಿ ತಿನ್ನಲಿಲ್ಲವೆಂದರೆ? ಬಿಟ್ಟದ್ದಕ್ಕೆ ಸಮನಾದ ಹಾಲು ಅಥವಾ ಪೌಷ್ಟಿಕ ಪಾನೀಯ ಕೊಡಿ. ಅದೂ ಆಗದಿದ್ದರೆ ಮುಂದಿನ ಹೊತ್ತಿನ ಊಟ ಅದರ ಸಮಯಕ್ಕೇ, ಹೊಸದಾಗಿ ಆರಂಭವಾಗಲಿ. ದಿನಕ್ಕೆ ಐದಾರು ಅವಕಾಶಗಳಿವೆ, ಒಂದು ಕೈತಪ್ಪಿದರೆ ದಿನ ಮುಗಿಯಲಿಲ್ಲ. ಒಂದು ದಿನ ಪೂರ್ತಿ ಏನೂ ಒಳಗೆ ಹೋಗದಿದ್ದರೆ ವೈದ್ಯರಿಗೆ ತಿಳಿಸಲೇಬೇಕು.

ಊಟದ ನಂತರದ ಒಂದು ಗಂಟೆಯೂ ಊಟದಷ್ಟೇ ಮುಖ್ಯ, ವಾಂತಿ ಮಾಡುವ ಅಭ್ಯಾಸವಿರುವ ಮಕ್ಕಳಲ್ಲಿ ಮತ್ತಷ್ಟು. ಆ ಹೊತ್ತು ಜೊತೆಯಲ್ಲೇ ಇರಿ: ಇಸ್ಪೀಟು, ಕೇರಂ, ಮೆಣಸು ಬಿಡಿಸುವುದು, ಏನಾದರೂ. ವಾಂತಿ ಆಗಿಬಿಟ್ಟರೆ ರಂಪ ಮಾಡಬೇಡಿ. ನೀರಿನಿಂದ ಬಾಯಿ ಮುಕ್ಕಳಿಸಲಿ. ತಕ್ಷಣ ಹಲ್ಲುಜ್ಜಿದರೆ ಆಮ್ಲದಿಂದ ಮೆತ್ತಗಾದ ಹಲ್ಲಿನ ಹೊರಪದರ ಸವೆಯುತ್ತದೆ.

## ‘ಮೈ ತುಂಬಿದೆ’ ಎನ್ನುವ ನೆಂಟರು

ಮದುವೆ ಮನೆಯಲ್ಲಿ, ಪುತ್ತರಿ ಹಬ್ಬಕ್ಕೆ ಕುಲದ ಹಿರಿಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ ಮೈಕಟ್ಟಿನ ಮಾತು ಮೊದಲ ಮಾತಾಗಿ ಬರುತ್ತದೆ. ‘ಎಷ್ಟು ಸೊರಗಿದ್ದೀಯ’ ಎಂದರೆ ಕಾಯಿಲೆಗೆ ಹೆಮ್ಮೆ. ‘ಈಗ ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದೀಯ’ ಎಂಬ ಪ್ರೀತಿಯ ಮಾತು ಮಗುವಿನ ಕಿವಿಗೆ ‘ದಪ್ಪಗಾಗಿದ್ದೀಯ’ ಎಂದು ಕೇಳಿಸುತ್ತದೆ. ಆ ರಾತ್ರಿಯ ಊಟ ನಿಂತುಹೋಗಬಹುದು. ಹತ್ತಿರದ ನೆಂಟರಿಗೆ ಮೊದಲೇ ಫೋನ್ ಮಾಡಿ ಹೇಳಿ: ‘ಅವಳ ಊಟ, ಮೈಕಟ್ಟಿನ ಬಗ್ಗೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಏನೂ ಮಾತಾಡಬೇಡಿ, ಓದಿನ ಬಗ್ಗೆ, ಆಟದ ಬಗ್ಗೆ ಕೇಳಿ.’ ಕಾಯಿಲೆಯ ಹೆಸರು ಎಲ್ಲರಿಗೂ ಹೇಳಬೇಕಾಗಿಲ್ಲ. ಚೇತರಿಕೆಯ ಆರಂಭದಲ್ಲಿ ಇಂಥ ಸಮಾರಂಭ ಒಂದೆರಡು ತಪ್ಪಿದರೂ ನಷ್ಟವಿಲ್ಲ. ಮನೆಯ ದೊಡ್ಡವರು ತಮ್ಮ ಡಯಟ್, ತಮ್ಮ ಹೊಟ್ಟೆಯ ಬಗ್ಗೆ ಆಡುವ ಮಾತನ್ನೂ ಬಿಡಬೇಕು.

## ಹಾಕಿ, ಓಟ, ಶಾಲೆ

ಆಟ ಕೊಡಗಿನವರಿಗೆ ಅಭಿಮಾನದ ಮಾತು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟುಂಬದವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯಲ್ಲಿ ಅಜ್ಜನಿಂದ ಮೊಮ್ಮಗಳವರೆಗೆ ಒಂದೇ ತಂಡದಲ್ಲಿ ಇಳಿಯುತ್ತಾರೆ. ಹಾಗಿರುವಾಗ ‘ಆಡಬೇಡ’ ಎನ್ನುವುದು ಮಗುವಿಗೆ ಶಿಕ್ಷೆಯಂತೆ ಕಾಣುತ್ತದೆ. ಆದರೆ ಸಾಕಷ್ಟು ತಿನ್ನದ ದೇಹದಿಂದ ಆಟ ತೆಗೆಯುವ ಶಕ್ತಿ ಮೂಳೆ ಮತ್ತು ಹೃದಯದ ಖಾತೆಯಿಂದ ಹೋಗುತ್ತದೆ. ಕ್ರೀಡಾಪಟುಗಳಲ್ಲಿ ಊಟ ಸಾಲದೆ ಹಾರ್ಮೋನು, ಮೂಳೆ, ರೋಗನಿರೋಧಕ ಶಕ್ತಿ ಎಲ್ಲವೂ ಕುಸಿಯುವ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಪ್ರತ್ಯೇಕ ಹೆಸರನ್ನೇ ಕೊಟ್ಟರು. ಹುಡುಗರೂ ಇದಕ್ಕೆ ಹೊರತಲ್ಲ. ವೈದ್ಯರು ಒಪ್ಪುವವರೆಗೆ ಅಭ್ಯಾಸ ನಿಲ್ಲಲಿ. ತರಬೇತುದಾರರಿಗೆ ವೈದ್ಯರ ಪ್ರಮಾಣಪತ್ರ ಕೊಟ್ಟು, ತಂಡದ ಪಟ್ಟಿಯಲ್ಲಿ ಮಗುವಿನ ಹೆಸರು ಉಳಿಸಿಕೊಳ್ಳಲು ಕೇಳಿ. ಮರಳಿ ಆಡುವ ಆಸೆಯೇ ಹಲವು ಮಕ್ಕಳನ್ನು ಊಟದತ್ತ ಎಳೆಯುತ್ತದೆ.

ಮುಖ್ಯೋಪಾಧ್ಯಾಯರ ಬಳಿ ಕೇಳಬೇಕಾದ್ದು ಹೆಚ್ಚಿಲ್ಲ: ವ್ಯಾಯಾಮದ ಪೀರಿಯಡ್‌ನಿಂದ ಬಿಡುವು, ತರಗತಿಯ ಎದುರಿಗೆ ತೂಕ ನೋಡದಿರುವುದು, ಮಧ್ಯಾಹ್ನದ ಊಟಕ್ಕೆ ಒಬ್ಬರ ಜೊತೆ. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ವರ್ಷವಾಗಿದ್ದರೆ ಮನೆಯವರಿಗೆ ಸಂಕಟ ಇನ್ನೂ ಹೆಚ್ಚು. ಪರೀಕ್ಷೆ ಮತ್ತೆ ಬರೆಯಬಹುದು. ಬೆಳೆಯುವ ವಯಸ್ಸಿನಲ್ಲಿ ಕಟ್ಟಿಕೊಳ್ಳಬೇಕಾದ ಮೂಳೆಗೆ ಅಂಥ ಎರಡನೆಯ ಅವಕಾಶ ಸುಲಭವಾಗಿ ಸಿಗುವುದಿಲ್ಲ.

## ಸಿಟ್ಟು, ಕತ್ತಲು ಮತ್ತು ಬೀಗ

ಈ ಕಾಯಿಲೆಯಲ್ಲಿ ಸಾವು ಹಸಿವಿನಿಂದಷ್ಟೇ ಬರುವುದಿಲ್ಲ, ಆತ್ಮಹತ್ಯೆಯ ಅಪಾಯವೂ ಇದೆ. ಕೊಡಗಿನ ಅನೇಕ ಮನೆಗಳಲ್ಲಿ ಕೋವಿ ಇರುತ್ತದೆ, ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕ ಇರುತ್ತವೆ. ಮಗು ಚೇತರಿಸಿಕೊಳ್ಳುವವರೆಗೆ ಕೋವಿ ಮತ್ತು ತೋಟಾಗಳನ್ನು ಬೇರೆಬೇರೆ ಕಡೆ ಬೀಗ ಹಾಕಿಡಿ. ಸಾಧ್ಯವಿದ್ದರೆ ಕಾನೂನಿನ ಪ್ರಕಾರ ಮನೆಯಿಂದ ಹೊರಗೆ ಇರಿಸಿ. ಕೀಟನಾಶಕ, ಕಳೆನಾಶಕದ ಡಬ್ಬಗಳನ್ನು ಸ್ಟೋರಿನಲ್ಲಿ ಬೀಗದೊಳಗೆ ಇಡಿ, ಬೀಗದ ಕೈ ದೊಡ್ಡವರ ಬಳಿ ಇರಲಿ. ಮಾತ್ರೆಗಳಿಗೂ ಇದೇ ನಿಯಮ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಲು ಹಿಂಜರಿಯಬೇಡಿ. ಕೇಳುವುದರಿಂದ ಅಂಥ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡದೆ ತಕ್ಷಣ ನೆರವು ಪಡೆಯಿರಿ.

ಎಲ್ಲರ ಗಮನ ಒಂದೇ ಮಗುವಿನ ಮೇಲಿರುವಾಗ ತಮ್ಮ, ತಂಗಿಯರು ಮೂಲೆಗೆ ಬೀಳುತ್ತಾರೆ. ಅವರಿಗೆ ಕಾಯಿಲೆಯ ವಿಷಯ ವಯಸ್ಸಿಗೆ ತಕ್ಕಂತೆ ಹೇಳಿ. ಕಾವಲು ಕಾಯುವ ಕೆಲಸ ಅವರಿಗೆ ಬೇಡ.

## ತೂಕ ಬಂದ ಮೇಲೆ

ತೂಕ ಸರಿಯಾಯಿತು, ಇನ್ನು ಮುಗಿಯಿತು ಎಂದು ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿನಲ್ಲೇ ಮಗುವಿನ ಮನಸ್ಸು ಅತಿ ಹೆಚ್ಚು ತಳಮಳದಲ್ಲಿರಬಹುದು. ದೇಹ ಬದಲಾಗಿದೆ, ಭಯ ಇನ್ನೂ ಹೋಗಿಲ್ಲ. ಕಾಫಿ ಬೆಳೆಗಾರರಿಗೆ ಇದನ್ನು ಹೇಳುವುದು ಸುಲಭ. ಕಾಫಿ ಗಿಡದ ಹೂ ಅರಳಿಸುವ ಹೂಮಳೆ ಬಂದು ತೋಟವೆಲ್ಲ ಬೆಳ್ಳಗಾದರೆ ಸಾಕಾಗುವುದಿಲ್ಲ. ಎರಡು ಮೂರು ವಾರಗಳಲ್ಲಿ ಅದರ ಬೆನ್ನಿಗೇ ಬರಬೇಕಾದ ಬ್ಯಾಕಿಂಗ್ ಮಳೆ ಬರದಿದ್ದರೆ ಕಾಯಿ ಕಟ್ಟುವುದಿಲ್ಲ. ತೂಕ ಮರಳಿದ ನಂತರವೂ ತಿಂಗಳುಗಟ್ಟಲೆ ಅದೇ ಊಟ, ಅದೇ ಜೊತೆ ಮುಂದುವರಿಯಬೇಕು. ಮನಶ್ಶಾಸ್ತ್ರಜ್ಞರ ಜೊತೆಗಿನ ಮಾತುಕತೆ ಫಲ ಕೊಡುವುದೂ ಹೆಚ್ಚಾಗಿ ಈ ಹಂತದಲ್ಲಿ, ಏಕೆಂದರೆ ಈಗ ಮಿದುಳಿಗೆ ಆಹಾರ ಸಿಕ್ಕಿದೆ.

ಇನ್ನೊಂದು ವಿಷಯ. ಹದಿಹರೆಯದ ಮಗುವಿನ ತೂಕದ ಗುರಿ ಒಂದೇ ಕಡೆ ನಿಲ್ಲುವುದಿಲ್ಲ. ಎತ್ತರ ಬೆಳೆದಂತೆ ಗುರಿಯೂ ಏರುತ್ತದೆ. ಕಾಯಿಲೆಗೆ ಮುಂಚಿನ ಬೆಳವಣಿಗೆಯ ದಾಖಲೆ, ಶಾಲೆಯ ಆರೋಗ್ಯ ತಪಾಸಣೆಯ ಹಳೆಯ ಚೀಟಿ ಇದ್ದರೂ ಸರಿ, ವೈದ್ಯರಿಗೆ ತೋರಿಸಿ.

## ಸಹಾಯ ಎಲ್ಲಿದೆ?

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಜಿಲ್ಲಾ ಆಸ್ಪತ್ರೆಯಿಂದ ಆರಂಭಿಸಬಹುದು. ಮಕ್ಕಳ ವೈದ್ಯರು ಮತ್ತು ಮನೋವೈದ್ಯರು ಇಬ್ಬರನ್ನೂ ಕಾಣಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ನಡೆಯುವ ಸ್ನೇಹ ಕ್ಲಿನಿಕ್‌ಗಳ ಬಗ್ಗೆ ಆಶಾ ಕಾರ್ಯಕರ್ತೆಯರನ್ನು ವಿಚಾರಿಸಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಮಳೆಗಾಲಕ್ಕೆ ಮುಂಚೆಯೇ ವೈದ್ಯರೊಂದಿಗೆ ಫೋನ್ ಅಥವಾ ವಿಡಿಯೊ ಭೇಟಿಯ ಏರ್ಪಾಡು ಮಾಡಿಕೊಳ್ಳಿ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ತೂಕ ಮತ್ತು ನಾಡಿ ನೋಡಿಸಿ.

ಊರು ಚಿಕ್ಕದು, ಸುದ್ದಿ ಬೇಗ ಹಬ್ಬುತ್ತದೆ, ನಾಳೆ ಮದುವೆಯ ಮಾತಿಗೆ ಅಡ್ಡಿಯಾದೀತು ಎಂಬ ಅಳುಕು ಹಲವರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. ದೇಹದ ಕಾಯಿಲೆಗಳಿಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ಆರೋಗ್ಯ ವಿಮೆ ಸಿಗಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ.

## ಹಾಸ್ಟೆಲಿಗೆ ಕಳುಹಿಸುವ ಮುನ್ನ

ಕೊಡಗಿನ ಮಕ್ಕಳಲ್ಲಿ ಬಹಳಷ್ಟು ಮಂದಿ ಪಿಯುಸಿಗೋ ಪದವಿಗೋ ಮೈಸೂರು, ಮಂಗಳೂರು, ಬೆಂಗಳೂರಿನ ಹಾಸ್ಟೆಲ್ ಸೇರುತ್ತಾರೆ. ಕಾಯಿಲೆ ಮರುಕಳಿಸಲು ಅದು ಹದವಾದ ಜಾಗ: ಹೊಸ ಊರು, ಮೆಸ್ಸಿನ ಊಟ, ನೋಡುವವರಿಲ್ಲ. ಕಳುಹಿಸುವ ಮುನ್ನ ಮಗು ಕೆಲವು ತಿಂಗಳು ಯಾರ ನೆನಪಿಸುವಿಕೆಯೂ ಇಲ್ಲದೆ ಎಲ್ಲ ಹೊತ್ತು ತಾನಾಗಿ ತಿಂದು ತೂಕ ಉಳಿಸಿಕೊಂಡಿರಬೇಕು. ಅದಾಗದಿದ್ದರೆ ಒಂದು ವರ್ಷ ಮನೆಯಿಂದಲೇ ಓಡಾಡುವ ಕಾಲೇಜು, ಇಲ್ಲವೇ ಆ ಊರಿನಲ್ಲಿ ನೆಂಟರ ಮನೆ ನೋಡಿ.

ಹೊರಡುವ ಮುನ್ನ ಮಗುವಿನ ಜೊತೆ ಕುಳಿತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಜಾರುತ್ತಿರುವುದರ ಮೊದಲ ಗುರುತುಗಳು ಯಾವುವು ಎಂದು ಮಗುವೇ ಹೇಳಲಿ. ತನ್ನ ಕಾಯಿಲೆಯ ನಡೆ ಅದಕ್ಕೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆ ಊರಿನಲ್ಲಿ ತಿಂಗಳಿಗೊಮ್ಮೆ ತೂಕ ನೋಡುವ ವೈದ್ಯರು ಯಾರು, ಹಾಸ್ಟೆಲಿನಲ್ಲಿ ವಿಷಯ ತಿಳಿದಿರುವ ಒಬ್ಬರು ಯಾರು, ತೂಕ ಎಷ್ಟು ಇಳಿದರೆ ಎರಡು ಮಾತಿಲ್ಲದೆ ಮನೆಗೆ ಬಂದು ಮತ್ತೆ ಅಮ್ಮ ಬಡಿಸುವ ಊಟಕ್ಕೆ ಕೂರಬೇಕು, ಇಷ್ಟನ್ನೂ ಬರೆದು, ಒಂದು ಪ್ರತಿ ಮಗುವಿನ ಬಳಿ, ಒಂದು ನಿಮ್ಮ ಬಳಿ, ಒಂದು ವೈದ್ಯರ ಬಳಿ ಇರಿಸಿ. ಮೊದಲ ಆರು ತಿಂಗಳು ತಪ್ಪದೆ ಆಗಾಗ ಹೋಗಿ ನೋಡಿ, ಮೆಸ್ಸಿನಲ್ಲೋ ಹೋಟೆಲಿನಲ್ಲೋ ಒಟ್ಟಿಗೆ ಕುಳಿತು ಊಟ ಮಾಡಿ ಬನ್ನಿ.